ತಾರಸಿಗೆ ಸೂರು: ಆರ್ಡರ್ ಕೊಡುವ ಮುನ್ನ ಒಂದಿಷ್ಟು ಲೆಕ್ಕ

ಏಪ್ರಿಲ್ ತಿಂಗಳ ಒಂದು ಸಂಜೆ. ಬೆಂಗಳೂರು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮುಂದೆ ನೀವು ನಿಂತಿದ್ದೀರಿ ಎಂದುಕೊಳ್ಳಿ. ಆಕಾಶ ಕಪ್ಪಾಗುತ್ತದೆ, ಗಾಳಿ ಬೀಸುತ್ತದೆ. ಹೊರಗೆ ಹಣ್ಣು, ಸೊಪ್ಪು ಹರಡಿಕೊಂಡ ವ್ಯಾಪಾರಿಗಳು ಮೊದಲು ಮಾಡುವ ಕೆಲಸ ತಾಡಪಾಲಿನ ನಾಲ್ಕು ಮೂಲೆಗಳ ಹಗ್ಗವನ್ನು ಬಿಗಿಯುವುದು. ಮಳೆ ಶುರುವಾದ ಮೇಲೆ ಎರಡನೆಯ ಕೆಲಸ: ತಾಡಪಾಲಿನ ನಡುವೆ ಹೊಟ್ಟೆಯಂತೆ ಜೋತುಬಿದ್ದ ನೀರನ್ನು ಕೋಲಿನಿಂದ ಎತ್ತಿ ಹೊರಚೆಲ್ಲುವುದು. ಮೊದಲನೆಯದು ಗಾಳಿಯ ಪಾಠ, ಎರಡನೆಯದು ನೀರಿನ ಪಾಠ. ಮನೆಯ ತಾರಸಿಯ ಮೇಲೆ ಶೀಟಿನ ಸೂರು ಹಾಕಿಸಲು ಹೊರಟವರು ಮರೆಯಬಾರದ ಪಾಠಗಳೂ ಇವೇ ಎರಡು.

ರಸೆಲ್ ಮಾರುಕಟ್ಟೆಯ ಕಟ್ಟಡ 1927ರಲ್ಲಿ ನಿರ್ಮಾಣಗೊಂಡು 1933ರಲ್ಲಿ ಉದ್ಘಾಟನೆಯಾಯಿತು. ಅಂದಿನ ದಂಡು ಪ್ರದೇಶದ ಪುರಸಭಾ ಕಮಿಷನರ್ ಆಗಿದ್ದ ಟಿ. ಬಿ. ರಸೆಲ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಅದರ ಸುತ್ತಲಿನ ಬೀದಿಗಳಲ್ಲಿ ಇಂದು ತಲೆ ಎತ್ತಿ ನೋಡಿದರೆ ಮನೆಮನೆಯ ಮೇಲೂ ನೀಲಿ, ಹಸಿರು, ಬಿಳಿ ಬಣ್ಣದ ತಗಡಿನ ಸೂರುಗಳು ಕಾಣುತ್ತವೆ. ಬಟ್ಟೆ ಒಣಗಿಸಲು, ಸೋರುವ ತಾರಸಿಗೆ ನೆರಳಾಗಲು, ಮಕ್ಕಳು ಓದಿಕೊಳ್ಳಲು, ಹಬ್ಬ-ಮದುವೆಗೆ ನೆಂಟರನ್ನು ಕೂರಿಸಲು ಹೀಗೆ ಕಾರಣಗಳು ಹಲವು. ಹೆಚ್ಚಿನವರು ಸೂರಿಗೆ ಆರ್ಡರ್ ಕೊಡುವುದು ಹೀಗೆ: ವೆಲ್ಡಿಂಗ್ ಅಂಗಡಿಯವರನ್ನು ಕರೆದು, "ಚದರ ಅಡಿಗೆ ಎಷ್ಟು?" ಎಂದು ಕೇಳಿ, ಚೌಕಾಸಿ ಮಾಡಿ, ಮುಂಗಡ ಕೊಡುವುದು. ಸೂರು ಎಷ್ಟು ಗಾಳಿಯನ್ನು ತಡೆಯಬಲ್ಲದು, ಕಂಬದ ಬುಡ ಯಾವುದನ್ನು ಹಿಡಿದು ನಿಂತಿದೆ, ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮಾತು ಬರುವುದೇ ಇಲ್ಲ. ಆ ಮಾತನ್ನು ಈ ಲೇಖನದಲ್ಲಿ ಆಡೋಣ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ನೆರಳು ಮಾಡಬೇಕಾದ ಜಾಗ 6 ಮೀಟರ್ ಅಗಲ, 8 ಮೀಟರ್ ಉದ್ದ. ಸುತ್ತಲೂ 30 ಸೆಂ.ಮೀ. (ಒಂದು ಅಡಿ) ಚಾಚು ಬಿಟ್ಟರೆ ಸೂರಿನ ಅಳತೆ 6.6 x 8.6 ಮೀಟರ್, ಅಂದರೆ ಸುಮಾರು 57 ಚದರ ಮೀಟರ್.

ಸೂರು ಬೀಳುವುದಿಲ್ಲ, ಹಾರುತ್ತದೆ

ಸೂರು ಎಂದ ಕೂಡಲೇ "ಭಾರ ತಡೆಯುತ್ತದೆಯೇ?" ಎಂದು ಕೇಳುತ್ತೇವೆ. ಆದರೆ ತಗಡಿನ ಸೂರಿನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಅದಕ್ಕೆ ವಿರುದ್ಧವಾದದ್ದು. ಅರ್ಧ ಮಿ.ಮೀ. ದಪ್ಪದ ಉಕ್ಕಿನ ಶೀಟು ಚದರ ಮೀಟರಿಗೆ ಐದು ಕಿ.ಗ್ರಾಂ.ಗಿಂತ ಕಡಿಮೆ ತೂಗುತ್ತದೆ. ಪೈಪುಗಳನ್ನೂ ಸೇರಿಸಿದರೆ ಸುಮಾರು 12 ಕಿ.ಗ್ರಾಂ. ನಮ್ಮ ಉದಾಹರಣೆಯ ಇಡೀ ಸೂರಿನ ತೂಕ ಹೆಚ್ಚೆಂದರೆ 700 ಕಿ.ಗ್ರಾಂ.

ಈಗ ಗಾಳಿಯನ್ನು ನೋಡಿ. ಕಟ್ಟಡಗಳ ಮೇಲೆ ಬೀಳುವ ಗಾಳಿಯ ಬಲವನ್ನು ಲೆಕ್ಕಹಾಕಲು ಭಾರತೀಯ ಮಾನಕ ಐ.ಎಸ್. 875ರ ಮೂರನೆಯ ಭಾಗ ಇದೆ. ಅದರ ಪ್ರಕಾರ ಬೆಂಗಳೂರಿಗೆ ಗಣಿಸಬೇಕಾದ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಇದು ದಿನನಿತ್ಯದ ಗಾಳಿಯಲ್ಲ. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಸರಾಸರಿ 50 ವರ್ಷಕ್ಕೊಮ್ಮೆ ನಿರೀಕ್ಷಿಸಬಹುದಾದ ಬಿರುಗಾಳಿಯ ರಭಸ. ಕರಾವಳಿಯ ಚೆನ್ನೈಗೆ ಇದು 50 ಮೀಟರ್. ಆ ಲೆಕ್ಕದಲ್ಲಿ ಬೆಂಗಳೂರು ಪುಣ್ಯವಂತ ಊರು. ಆದರೂ ಲೆಕ್ಕ ಮುಗಿಯಲಿಲ್ಲ.

ಗಾಳಿಯ ಒತ್ತಡವನ್ನು ತಿಳಿಯುವ ಸೂತ್ರ ಸರಳ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂಬುದು ಸಿಗುತ್ತದೆ. 33ರ ವರ್ಗ 1089, ಅದರ 0.6 ಭಾಗ ಸುಮಾರು 653 ನ್ಯೂಟನ್. ಅಂದರೆ ಚದರ ಮೀಟರಿಗೆ ಸುಮಾರು 66 ಕಿ.ಗ್ರಾಂ. ತೂಕದಷ್ಟು ಬಲ. ಇಲ್ಲಿ ವೇಗದ ವರ್ಗ ಬರುವುದನ್ನು ಗಮನಿಸಿ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. "ಹೋದ ವರ್ಷದ ಗಾಳಿಗೆ ಏನೂ ಆಗಲಿಲ್ಲ" ಎಂಬ ಧೈರ್ಯ ಮುಂದಿನ ಗಾಳಿಗೆ ಸಾಲದಿರುವುದು ಇದರಿಂದಲೇ.

ಈ ಬಲ ಯಾವ ಕಡೆಗೆ? ಸುತ್ತಲೂ ತೆರೆದ ಸೂರಿನ ಮೇಲ್ಗಡೆ ಗಾಳಿ ವೇಗವಾಗಿ ಹರಿಯುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಅದೇ ಹೊತ್ತಿಗೆ ಪ್ಯಾರಾಪೆಟ್ ಗೋಡೆಗೆ ಬಡಿದ ಗಾಳಿ ಮೇಲಕ್ಕೆ ತಿರುಗಿ ಶೀಟಿನ ಅಡಿಗೆ ನುಗ್ಗುತ್ತದೆ. ಮೇಲಿನಿಂದ ಸೆಳೆತ, ಕೆಳಗಿನಿಂದ ತಳ್ಳು. ಸೂರಿನ ಆಕಾರ, ಇಳಿಜಾರು, ಅಡಿಯಲ್ಲಿರುವ ಅಡೆತಡೆಗಳನ್ನು ನೋಡಿ ಈ ಒತ್ತಡದ ಎಷ್ಟು ಪಾಲು ಮೇಲ್ಮುಖವಾಗುತ್ತದೆ ಎಂಬುದನ್ನು ಮಾನಕದ ಕೋಷ್ಟಕಗಳು ಹೇಳುತ್ತವೆ. ಸರಳತೆಗಾಗಿ ಪೂರ್ತಿ ಒತ್ತಡವೇ ಮೇಲ್ಮುಖ ಎಂದಿಟ್ಟುಕೊಳ್ಳೋಣ. 57 ಚದರ ಮೀಟರಿಗೆ ಸುಮಾರು 3,750 ಕಿ.ಗ್ರಾಂ. ಆಗುತ್ತದೆ. ಸೂರಿನ ಸ್ವಂತ ತೂಕ 700 ಕಿ.ಗ್ರಾಂ. ಕಳೆದರೂ 3,050 ಕಿ.ಗ್ರಾಂ. ಬಲ ಸೂರನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಎಂಟು ಕಂಬಗಳಿದ್ದರೆ ಪ್ರತಿಯೊಂದನ್ನೂ ಬುಡಸಹಿತ ಕೀಳಲು ಸರಾಸರಿ 380 ಕಿ.ಗ್ರಾಂ. ಬಲ! ದಟ್ಟ ಮನೆಗಳ ನಡುವೆ ಗಾಳಿ ಸ್ವಲ್ಪ ತಗ್ಗುತ್ತದೆ. ಅಂತಸ್ತು ಮೇಲೇರಿದಂತೆ ಹೆಚ್ಚುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಸೆಳೆತ ಎಲ್ಲಕ್ಕಿಂತ ಜೋರು. ಈ ತಿದ್ದುಪಡಿಗಳನ್ನು ಮಾಡಿ, ಅದರ ಮೇಲೆ ಸುರಕ್ಷತಾ ಗುಣಾಂಕವನ್ನೂ ಸೇರಿಸುವುದು ಎಂಜಿನಿಯರರ ಕೆಲಸ. ನೀವು ತಿಳಿದಿರಬೇಕಾದದ್ದು ಇಷ್ಟು: ಕಂಬದ ಕೆಲಸ ಸೂರನ್ನು ಹೊರುವುದಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದುಕೊಳ್ಳುವುದು.

ಮಳೆಯ ಇರಿಚಲು ತಡೆಯಲೆಂದು ಮೂರು ಕಡೆ ಶೀಟಿನಿಂದ ಮುಚ್ಚಿ ಒಂದು ಕಡೆ ತೆರೆದಿಡುವುದುಂಟು. ಆ ತೆರೆದ ಬಾಯಿಗೆ ಗಾಳಿ ನೇರ ನುಗ್ಗಿದರೆ ಹೊರಬೀಳಲು ದಾರಿಯಿಲ್ಲದೆ ಒಳ ಒತ್ತಡ ಏರುತ್ತದೆ. ಮುಚ್ಚುವ ಯೋಚನೆಯಿದ್ದರೆ ಅದನ್ನು ಮೊದಲೇ ಹೇಳಿ. ಆಮೇಲೆ ಸೇರಿಸುವ ವಿಷಯವಲ್ಲ.

ಕಂಬದ ಬುಡದಲ್ಲಿ ಏನಿದೆ?

ಹಾಗಾದರೆ ಕಂಬ ಯಾವುದನ್ನು ಹಿಡಿದಿರಬೇಕು? ಇದಕ್ಕೆ ನಿಮ್ಮ ತಾರಸಿ ಯಾವ ಬಗೆಯದೆಂದು ತಿಳಿಯಬೇಕು. ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ, ಹಲಸೂರಿನ ಹಳೆಯ ಓಣಿಗಳಲ್ಲಿ ಮೂರು ಬಗೆಯ ತಾರಸಿಗಳಿವೆ.

ಮೊದಲನೆಯದು ಮದ್ರಾಸ್ ತಾರಸಿ. ಹತ್ತಿರ ಹತ್ತಿರ ಜೋಡಿಸಿದ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಮಾಡಿದ್ದು. ಎರಡನೆಯದು ಉಕ್ಕಿನ ತೊಲೆಗಳ ನಡುವೆ ಇಟ್ಟಿಗೆಯ ಚಿಕ್ಕ ಕಮಾನುಗಳನ್ನು ಕಟ್ಟಿದ ಜ್ಯಾಕ್ ಆರ್ಚ್ ತಾರಸಿ. ಮೂರನೆಯದು ಇಂದಿನ ಆರ್.ಸಿ.ಸಿ. ಮೋಲ್ಡಿಂಗ್. ಮೊದಲ ಎರಡರಲ್ಲಿ ಬೋಲ್ಟು ಕಚ್ಚಿಕೊಳ್ಳಲು ಗಟ್ಟಿ ಕಾಂಕ್ರೀಟೇ ಇಲ್ಲ. ಸುಣ್ಣದ ಗಾರೆ, ಇಟ್ಟಿಗೆಯೊಳಗೆ ಕೊರೆದು ಕೂರಿಸಿದ ಬೋಲ್ಟು ಎಳೆತಕ್ಕೆ ಸಿಕ್ಕರೆ ಸುತ್ತಲಿನ ತುಂಡನ್ನೂ ಕಿತ್ತುಕೊಂಡು ಬರುತ್ತದೆ. ಅಂಥ ಮನೆಗಳಲ್ಲಿ ದಪ್ಪ ಗೋಡೆಯಿಂದ ಗೋಡೆಗೆ ಉಕ್ಕಿನ ತೊಲೆ ಹಾಯಿಸಿ, ಅದನ್ನು ಗೋಡೆಗೆ ಭದ್ರವಾಗಿ ಬಿಗಿದು, ಅದರ ಮೇಲೆ ಕಂಬ ನಿಲ್ಲಿಸಬೇಕಾಗುತ್ತದೆ. ಎಂಜಿನಿಯರರು ಬಂದು ನೋಡದೆ ಇದನ್ನು ಕೈಗೆತ್ತಿಕೊಳ್ಳಬೇಡಿ.

ಆರ್.ಸಿ.ಸಿ. ತಾರಸಿಯಲ್ಲೂ ಎಚ್ಚರ ಬೇಕು. ಮೋಲ್ಡಿಂಗಿನ ದಪ್ಪ ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದು ಅಂಗುಲ. ಅದರ ಮೇಲೆ ನೀರು ಹರಿಯಲೆಂದು ಎರಡು ಮೂರು ಅಂಗುಲದ ಗಾರೆ ಇರುತ್ತದೆ. ಮೇಲಿನಿಂದ ಮೂರು ಅಂಗುಲ ಕೊರೆದು ಬೋಲ್ಟು ಬಿಗಿದರೆ ಅದು ಕಚ್ಚಿರುವುದು ಗಾರೆಯನ್ನಷ್ಟೇ. ಕಂಬದ ಜಾಗದಲ್ಲಿ ಗಾರೆಯನ್ನು ಕೆತ್ತಿ ತೆಗೆದು, ಕಾಂಕ್ರೀಟು ಕಂಡ ಮೇಲೆ ಬೇಸ್ ಪ್ಲೇಟು ಕೂರಿಸಬೇಕು. ಕಂಬಗಳು ಸಾಧ್ಯವಾದಷ್ಟೂ ಕೆಳಗಿನ ಕಾಲಂ ಅಥವಾ ಬೀಮುಗಳ ನೇರಕ್ಕೆ ಬರಲಿ. ಬರೀ ಸ್ಲ್ಯಾಬಿನ ನಡುವೆ ಬೇಡ. ಮನೆ ಕಟ್ಟಿದಾಗಿನ ನಕ್ಷೆ ಹುಡುಕಿ ತೆಗೆಯಿರಿ. ಮುಂದೆ ಅಂತಸ್ತು ಏರಿಸಲೆಂದು ಕಾಲಂ ಕಂಬಿಗಳನ್ನು ಬಿಟ್ಟಿದ್ದರೆ ನಿಮ್ಮ ಅದೃಷ್ಟ. ಅಲ್ಲೇ ಚಿಕ್ಕ ಕಾಂಕ್ರೀಟ್ ದಿಮ್ಮಿ ಎಬ್ಬಿಸಿ ಕಂಬ ನಿಲ್ಲಿಸಬಹುದು.

ಪ್ಯಾರಾಪೆಟ್ ಗೋಡೆಯ ನೆತ್ತಿಯ ಮೇಲೆ ಕಂಬ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ನಾಲ್ಕೂವರೆ ಅಂಗುಲದ ಇಟ್ಟಿಗೆ ಗೋಡೆ ಮಕ್ಕಳು ಬೀಳದಂತೆ ತಡೆಯಲು ಕಟ್ಟಿದ್ದು. ಅದನ್ನು ಮೇಲಕ್ಕೂ ಪಕ್ಕಕ್ಕೂ ಎಳೆದರೆ ಗೋಡೆಯೇ ಬೀದಿಗೆ ಬೀಳಬಹುದು. ಕೆಳಗೆ ಓಣಿಯಲ್ಲಿ ಜನ ಓಡಾಡುತ್ತಿರುತ್ತಾರೆ.

ಇನ್ನೊಂದು ಮಾತು. ಕೊರೆದ ಪ್ರತಿ ರಂಧ್ರವೂ ನೀರಿಗೆ ದಾರಿ. ಸೋರುವ ತಾರಸಿಗೆ ಮದ್ದೆಂದು ಹಾಕಿಸಿದ ಸೂರು ಕಂಬದ ಬುಡದಲ್ಲಿ ಹೊಸ ಸೋರಿಕೆ ತರುವುದುಂಟು. ಬೇಸ್ ಪ್ಲೇಟಿನ ಸುತ್ತ ನೀರು ನಿಲ್ಲದಂತೆ ಇಳಿಜಾರಾಗಿ ಗಾರೆ ಕಟ್ಟಿ, ಜಲನಿರೋಧಕ ಬಳಿಸುವ ಕೆಲಸ ಆರ್ಡರಿನಲ್ಲೇ ಸೇರಿರಲಿ.

ನೀರು ನಿಲ್ಲಬಾರದು, ನೆರೆಮನೆಗೂ ಹೋಗಬಾರದು

ಒಂದು ಚದರ ಮೀಟರಿನ ಮೇಲೆ ಒಂದು ಸೆಂ.ಮೀ. ನೀರು ನಿಂತರೆ ಅದರ ತೂಕ 10 ಕಿ.ಗ್ರಾಂ. ಎರಡು ಮೀಟರ್ ಉದ್ದಗಲದ ತಾಡಪಾಲಿನಲ್ಲಿ ಸರಾಸರಿ 10 ಸೆಂ.ಮೀ. ನೀರು ನಿಂತರೆ 400 ಕಿ.ಗ್ರಾಂ. ಮಾರುಕಟ್ಟೆಯ ವ್ಯಾಪಾರಿ ಕೋಲು ಹಿಡಿದು ನಿಲ್ಲುವುದು ಸುಮ್ಮನಲ್ಲ. ನೀರು ನಿಂತಷ್ಟೂ ಬಟ್ಟೆ ಬಾಗುತ್ತದೆ, ಬಾಗಿದಷ್ಟೂ ಇನ್ನಷ್ಟು ನೀರು ಸೇರುತ್ತದೆ. ಬಾಗಿದ ತೆಳು ಶೀಟಿನ ಕಥೆಯೂ ಹೀಗೆಯೇ.

ಆದ್ದರಿಂದ ಇಳಿಜಾರು ಬೇಕು. ತಗಡಿನ ಶೀಟಿಗೆ 10ಕ್ಕೆ 1ರ ಇಳಿಜಾರು ಅನುಕೂಲಕರ. ನಮ್ಮ 6 ಮೀಟರ್ ಅಗಲಕ್ಕೆ ಇದು 60 ಸೆಂ.ಮೀ. ಇಳಿತ. ತಗ್ಗು ಬದಿಯಲ್ಲಿ 2.4 ಮೀಟರ್ (8 ಅಡಿ) ಎತ್ತರವಿಟ್ಟರೆ ಎತ್ತರದ ಬದಿ 3 ಮೀಟರ್ ಆಗುತ್ತದೆ. ತಗ್ಗು ಬದಿ ಯಾವ ಕಡೆಗಿರಲಿ? ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿ ಮುಖ್ಯವಾಗಿ ಪಶ್ಚಿಮ-ನೈಋತ್ಯದಿಂದ ಬೀಸುತ್ತದೆ. ಮಳೆ 45 ಡಿಗ್ರಿ ಓರೆಯಾಗಿ ಬಿದ್ದರೆ ಸೂರಿನ ಅಂಚು ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ದೂರ ಒಳಕ್ಕೆ ಇರಿಚಲು ಬರುತ್ತದೆ. ಹಾಗಾಗಿ ಅನುಕೂಲವಿದ್ದರೆ ತಗ್ಗು ಬದಿ ಪಶ್ಚಿಮಕ್ಕಿರಲಿ. ಸೂರನ್ನು ವೃಥಾ ಎತ್ತರಿಸಿದರೆ ಗಾಳಿಯ ಹೊಡೆತವೂ ಹೆಚ್ಚು, ಇರಿಚಲೂ ಹೆಚ್ಚು.

ಈಗ ದೋಣಿ ಮತ್ತು ಇಳಿಕೊಳವೆಯ ಲೆಕ್ಕ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. ಆದರೆ ಅದು ಹಂಚಿಕೊಂಡು ಬೀಳುವುದಿಲ್ಲ. 2024ರ ಜೂನ್ 2ರಂದು ಒಂದೇ ದಿನದಲ್ಲಿ 111 ಮಿ.ಮೀ. ಸುರಿಯಿತು. ಗಂಟೆಗೆ 100 ಮಿ.ಮೀ. ಗತಿಯಲ್ಲಿ ಅರ್ಧ ಗಂಟೆ ಮಳೆ ಹೊಡೆದರೆ ನಮ್ಮ ಸೂರಿನಿಂದ ನಿಮಿಷಕ್ಕೆ 95 ಲೀಟರ್ ನೀರು ಇಳಿಯುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದಂತೆ ಈ ಗತಿಯ ಮಳೆಗೆ 100 ಮಿ.ಮೀ. (4 ಅಂಗುಲ) ವ್ಯಾಸದ ಒಂದು ಕೊಳವೆ ಸುಮಾರು 42 ಚದರ ಮೀಟರ್ ಸೂರಿನ ನೀರನ್ನು ಇಳಿಸಬಲ್ಲದು. ನಮ್ಮದು 57. ಎಂದರೆ ಎರಡು ಕೊಳವೆ ಬೇಕು. ಒಂದರಲ್ಲಿ ಎಲೆ ಕಟ್ಟಿಕೊಂಡರೂ ಇನ್ನೊಂದು ಕೆಲಸ ಮಾಡುತ್ತದೆ ಎಂಬುದು ಹೆಚ್ಚಿನ ಲಾಭ.

ದಂಡು ಪ್ರದೇಶದ ಒತ್ತೊತ್ತಾದ ಮನೆಗಳಲ್ಲಿ ಸೂರಿನ ಚಾಚು ನಿಮ್ಮ ನಿವೇಶನದ ಗೆರೆ ದಾಟಬಾರದು; ಒಂದು ಹನಿಯೂ ನೆರೆಮನೆಯ ಗೋಡೆಗೆ ಬೀಳಬಾರದು. ಜಾಗವಿಲ್ಲದಿದ್ದರೆ ಆ ಬದಿಯ ಚಾಚನ್ನೇ ಬಿಟ್ಟು ದೋಣಿಯನ್ನು ಒಳಕ್ಕೆ ಎಳೆದುಕೊಳ್ಳಿ. ನೆರೆಯವರಿಗೆ ಕೆಲಸಕ್ಕೆ ಮುಂಚೆಯೇ ಚಿತ್ರ ತೋರಿಸಿದರೆ ಎಷ್ಟೋ ಜಗಳಗಳು ಹುಟ್ಟುವುದಿಲ್ಲ.

ಇಳಿದ ನೀರನ್ನು ಚರಂಡಿಗೆ ಬಿಡಬೇಡಿ. ಸೂರಿನ ಮೇಲೆ ಬಿದ್ದ ಮಳೆಯಲ್ಲಿ ಶೇ. 85 ಭಾಗ ದೊರೆತರೂ ವರ್ಷಕ್ಕೆ ಸುಮಾರು 47,000 ಲೀಟರ್ ಆಗುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದವರಿಗೆ ಈ ಅಂಕಿಯ ಬೆಲೆ ಗೊತ್ತು. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ 2009ರಿಂದ ಕಾನೂನಿನ ಕಡ್ಡಾಯವೂ ಹೌದು. ಮೊದಲ 2 ಮಿ.ಮೀ. ಮಳೆಯಲ್ಲಿ ದೂಳು, ಹಕ್ಕಿಯ ಹಿಕ್ಕೆ ಇಳಿದು ಬರುತ್ತವೆ. ನಮ್ಮ ಸೂರಿಗೆ ಇದು ಸುಮಾರು 115 ಲೀಟರ್. ಇದನ್ನು ಹೊರಬಿಡುವ ಏರ್ಪಾಡು ಮಾಡಿ, ಶೋಧಕದ ಮೂಲಕ ಉಳಿದದ್ದನ್ನು ತೊಟ್ಟಿಗೆ ಅಥವಾ ಇಂಗುಗುಂಡಿಗೆ ಹಾಯಿಸಿ. ಈ ವಿಧಾನಗಳನ್ನು ಕಣ್ಣಾರೆ ನೋಡಬೇಕೆನಿಸಿದರೆ ಜಯನಗರ 5ನೆಯ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನವಿದೆ.

ಯಾವ ಹೊದಿಕೆ?

ಬಣ್ಣದ ಲೇಪವಿರುವ ಉಕ್ಕಿನ ಶೀಟು ಇಂದು ಹೆಚ್ಚು ಬಳಕೆಯಲ್ಲಿದೆ. ಇದರ ಉಕ್ಕಿಗೆ ಮೊದಲು ಸತುವಿನ ಅಥವಾ ಅಲ್ಯೂಮಿನಿಯಂ-ಸತು ಮಿಶ್ರಲೋಹದ ಲೇಪ, ಅದರ ಮೇಲೆ ಬಣ್ಣ. ಮಿಶ್ರಲೋಹದಲ್ಲಿ ಶೇ. 55 ಅಲ್ಯೂಮಿನಿಯಂ, ಉಳಿದದ್ದರಲ್ಲಿ ಬಹುಪಾಲು ಸತು, ಅಲ್ಪ ಸಿಲಿಕಾನ್ ಇರುತ್ತದೆ. ಅಂಗಡಿಯಲ್ಲಿ "ಅರ್ಧ ಎಂ.ಎಂ. ಶೀಟು" ಎಂದರೆ ಬಣ್ಣ, ಲೇಪ ಎಲ್ಲ ಸೇರಿದ ದಪ್ಪವೋ ಬರೀ ಉಕ್ಕಿನ ದಪ್ಪವೋ ಕೇಳಿ ಬರೆಸಿಕೊಳ್ಳಿ. ಶೀಟಿನ ಬಲ ಇರುವುದು ಉಕ್ಕಿನಲ್ಲಿ, ಬಣ್ಣದಲ್ಲಲ್ಲ.

ಬಣ್ಣದ ಆಯ್ಕೆ ಅಂದಕ್ಕಷ್ಟೇ ಅಲ್ಲ. ನಡುಹಗಲಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ. ಕಡುಬಣ್ಣ ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಬಿಳಿ ಬಣ್ಣ ಹೆಚ್ಚಿನದನ್ನು ಹಿಂದಕ್ಕೆ ಕಳಿಸುತ್ತದೆ. ಕಾದ ಶೀಟು ಕೆಳಗಿರುವವರ ತಲೆಯ ಮೇಲೆ ಶಾಖವನ್ನು ವಿಕಿರಣವಾಗಿ ಸುರಿಸುತ್ತದೆ. ಬಿಳಿ ಅಥವಾ ತಿಳಿಬಣ್ಣ ಆರಿಸಿ, ಎತ್ತರದ ಬದಿಯಲ್ಲಿ ಬಿಸಿಗಾಳಿ ಹೊರಹೋಗಲು ದಾರಿ ಬಿಟ್ಟರೆ ಸೂರಿನ ಅಡಿಯೂ ತಂಪು, ಬಿಸಿಲು ತಾಕದ ಮೋಲ್ಡಿಂಗಿನ ಕೆಳಗಿನ ಕೋಣೆಯೂ ತಂಪು.

ಪಾಲಿಕಾರ್ಬೊನೇಟ್ ಶೀಟು ಬೆಳಕು ಬಿಡುತ್ತದೆ. ಆದರೆ ಅದರ ವ್ಯಾಕೋಚನ ಉಕ್ಕಿಗಿಂತ ಐದು ಪಟ್ಟಿಗೂ ಹೆಚ್ಚು. ರಾತ್ರಿಗೂ ಹಗಲಿಗೂ ಶೀಟಿನ ಉಷ್ಣತೆ 40 ಡಿಗ್ರಿ ಬದಲಾದರೆ 6.6 ಮೀಟರಿನ ಉಕ್ಕಿನ ಶೀಟು ಸುಮಾರು 3 ಮಿ.ಮೀ. ಹಿಗ್ಗುತ್ತದೆ, ಪಾಲಿಕಾರ್ಬೊನೇಟ್ 17-18 ಮಿ.ಮೀ. ಹಿಗ್ಗುತ್ತದೆ. ಸ್ಕ್ರೂ ರಂಧ್ರವನ್ನು ಬಿಗಿಯಾಗಿ ಕೊರೆದರೆ ಹಿಗ್ಗಲು ಜಾಗವಿಲ್ಲದೆ ಅಲ್ಲಿಂದಲೇ ಸೀಳುತ್ತದೆ. ರಂಧ್ರ ಸ್ಕ್ರೂಗಿಂತ ದೊಡ್ಡದಿರಬೇಕು, ಅಗಲ ವಾಷರ್ ಇರಬೇಕು. ನೇರಳಾತೀತ ಕಿರಣ ತಡೆಯುವ ಲೇಪವಿರುವ ಮೈ ಆಕಾಶಕ್ಕೆ ಮುಖ ಮಾಡಿರಬೇಕು. ತಿರುವುಮುರುವಾದರೆ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. ಇಡೀ ಸೂರಿಗೆ ಉಕ್ಕು ಹಾಕಿ, ಒಂದೆರಡು ಪಟ್ಟಿ ಮಾತ್ರ ಪಾಲಿಕಾರ್ಬೊನೇಟ್ ಹಾಕಿದರೆ ಬೆಳಕಿಗೆ ಸಾಕು.

ಮಂಗಳೂರು ಹೆಂಚನ್ನು ಇಷ್ಟಪಡುವವರೂ ಇದ್ದಾರೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು ತಂಪಿಗೆ, ಅಂದಕ್ಕೆ ಹೆಸರಾದದ್ದು. ಆದರೆ ಅದು ಚದರ ಮೀಟರಿಗೆ 40 ಕಿ.ಗ್ರಾಂ. ಆಸುಪಾಸು ತೂಗುತ್ತದೆ, ಇಳಿಜಾರೂ ಕಡಿದಾಗಿರಬೇಕು. ನಮ್ಮ ಸೂರಿಗೆ ಹೆಂಚೊಂದೇ ಎರಡು ಟನ್ನಿಗೂ ಮಿಕ್ಕುತ್ತದೆ. ಅಷ್ಟು ಭಾರವನ್ನು ಕೆಳಗಿನ ಕಟ್ಟಡ ಹೊರುತ್ತದೆಯೇ ಎಂದು ಮೊದಲು ತಿಳಿಯಬೇಕು.

ತಾರಸಿಯ ಮೇಲೆ ಈಗಾಗಲೇ ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಇದ್ದರೆ ಸುತ್ತಿಗೆಯಿಂದ ಒಡೆದು ಕೆಡವಬೇಡಿ. ಅದರ ಎಳೆಗಳ ದೂಳು ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ತರಬಲ್ಲದು. ಶೀಟನ್ನು ಚೆನ್ನಾಗಿ ನೆನೆಸಿ, ಬೋಲ್ಟು ಬಿಚ್ಚಿ, ಒಡೆಯದಂತೆ ಇಳಿಸಬೇಕು. ಕೆಲಸದವರಿಗೆ ದೂಳು ತಡೆಯುವ ಮುಖಗವಸು ಕೊಡಿ.

ಪೈಪು, ಸ್ಕ್ರೂ: ತೂಕವೇ ಸಾಕ್ಷಿ

ಪೈಪಿನ ಹೊರ ಅಳತೆ ಕಣ್ಣಿಗೆ ಕಾಣುತ್ತದೆ. ಗೋಡೆಯ ದಪ್ಪ ಕಾಣುವುದಿಲ್ಲ. 50 x 50 ಮಿ.ಮೀ.ನ ಚೌಕ ಪೈಪು 6 ಮೀಟರ್ ಉದ್ದಕ್ಕೆ, ದಪ್ಪ 3 ಮಿ.ಮೀ. ಇದ್ದರೆ ಸುಮಾರು 26 ಕಿ.ಗ್ರಾಂ., 2 ಮಿ.ಮೀ. ಇದ್ದರೆ ಸುಮಾರು 18 ಕಿ.ಗ್ರಾಂ. ತೂಗುತ್ತದೆ. ಪೈಪು ಬಂದ ದಿನ ಒಂದನ್ನು ತೂಗಿ ನೋಡಿದರೆ ನಿಜ ಹೊರಬೀಳುತ್ತದೆ. ಟೊಳ್ಳು ಉಕ್ಕಿನ ಪೈಪುಗಳಿಗೆ ಐ.ಎಸ್. 4923 ಎಂಬ ಮಾನಕವಿದೆ; ಪೈಪಿನ ಮೇಲೆ ಆ ಗುರುತು ಹುಡುಕಿ. ಗುಜರಿಯಲ್ಲಿ ಸಿಗುವ ಹಳೆಯ ಪೈಪು ಅಗ್ಗವೇನೋ ನಿಜ, ಆದರೆ ತುಕ್ಕು ಒಳಗಿನಿಂದ ತಿಂದಿರುವುದು ಹೊರಗೆ ಕಾಣುವುದಿಲ್ಲ. ಹೂಕುಂಡದ ಸ್ಟ್ಯಾಂಡಿಗೆ ಆಗಬಹುದು, ಸೂರಿನ ಕಂಬಕ್ಕೆ ಬೇಡ.

ಸತು ಲೇಪದ ಪೈಪನ್ನು ಬೆಸುಗೆ ಹಾಕಿದಾಗ ಆ ಜಾಗದ ಸತು ಸುಟ್ಟುಹೋಗುತ್ತದೆ. ಪ್ರತಿ ಬೆಸುಗೆಯ ಸಿಟ್ಟವನ್ನು ತಟ್ಟಿ ತೆಗೆದು, ಉಜ್ಜಿ, ಸತುವಿನ ಬಣ್ಣ ಬಳಿಯಬೇಕು. ಸಾದಾ ಉಕ್ಕಿನ ಪೈಪಾದರೆ ಎರಡು ಸಲ ಪ್ರೈಮರ್, ಅದರ ಮೇಲೆ ಬಣ್ಣ. ಪೈಪಿನ ಬಾಯಿಗಳನ್ನು ಮುಚ್ಚಿ ಬೆಸೆಯದಿದ್ದರೆ ಮಳೆನೀರು ಒಳಗೆ ಕೂರುತ್ತದೆ.

ಶೀಟು ಹೊರುವ ಅಡ್ಡ ಪೈಪುಗಳ ನಡುವಿನ ಅಂತರ 1.2 ಮೀಟರ್ (4 ಅಡಿ) ಮೀರದಿದ್ದರೆ ಒಳ್ಳೆಯದು. ಶೀಟು ಹಾರುವುದು ಹೆಚ್ಚಾಗಿ ಅಂಚಿನಿಂದ ಶುರುವಾಗುತ್ತದೆ. ಆದ್ದರಿಂದ ನಡುಭಾಗದಲ್ಲಿ ಒಂದು ಬಿಟ್ಟು ಒಂದು ಏಣಿಗೆ ಸ್ಕ್ರೂ ಹಾಕಿದರೂ ಅಂಚಿನ ಪೈಪುಗಳ ಮೇಲೆ ಪ್ರತಿ ಏಣಿಗೂ ಸ್ಕ್ರೂ ಇರಲಿ. ಸ್ಕ್ರೂವಿನ ರಬ್ಬರ್ ವಾಷರ್ ಅಪ್ಪಿ ಕೂರಬೇಕು. ಅತಿಯಾಗಿ ಬಿಗಿದು ಹಿಂಡಿಹೋದರೂ ಸೋರುತ್ತದೆ, ಸಡಿಲವಾದರೂ ಸೋರುತ್ತದೆ. ಕೊರೆದಾಗ ಉದುರಿದ ಉಕ್ಕಿನ ಚೂರುಗಳನ್ನು ಅಂದೇ ಗುಡಿಸಿಸಿ, ಇಲ್ಲವಾದರೆ ಅವು ತುಕ್ಕು ಹಿಡಿದು ಹೊಸ ಶೀಟಿಗೂ ಕಲೆ ಹತ್ತಿಸುತ್ತವೆ.

ವಿದ್ಯುತ್ ತಂತಿ: ಪ್ರಾಣದ ಪ್ರಶ್ನೆ

ಕಿರಿದಾದ ಓಣಿಗಳಲ್ಲಿ ವಿದ್ಯುತ್ ತಂತಿ ತಾರಸಿಗೆ ಕೈಯಳತೆಯಲ್ಲೇ ಹಾದುಹೋಗಿರುತ್ತದೆ. ತಾರಸಿಗೆ ದೂರವೆನಿಸಿದ ತಂತಿ ಸೂರು ಎದ್ದ ಮೇಲೆ ಹತ್ತಿರವಾಗುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳ ಪ್ರಕಾರ ಮನೆಗಳಿಗೆ ಬರುವ ಕಡಿಮೆ ಒತ್ತಡದ ತೆರೆದ ತಂತಿಯಿಂದ ಕಟ್ಟಡಕ್ಕೆ ಮೇಲ್ಗಡೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರವಿರಬೇಕು. 11 ಕಿಲೊವೋಲ್ಟ್ ತಂತಿಗಾದರೆ ಮೇಲ್ಗಡೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. ಈ ಅಂತರವನ್ನು ತಾರಸಿಯಿಂದ ಅಲ್ಲ, ಸೂರಿನ ಅಂಚಿನಿಂದ ಲೆಕ್ಕಹಾಕಿ. ಅಳೆಯುವ ನೆಪದಲ್ಲಿ ಟೇಪನ್ನು ತಂತಿಯ ಕಡೆಗೆ ಚಾಚಬೇಡಿ. ಬೆಸ್ಕಾಂ ಕಚೇರಿಗೆ ತಿಳಿಸಿ, ಅವರೇ ಬಂದು ನೋಡಲಿ.

ಅಪಾಯ ಹೆಚ್ಚಿರುವುದು ಕೆಲಸದ ದಿನ. 6 ಮೀಟರ್ ಉದ್ದದ ಪೈಪು ಮೆಟ್ಟಿಲಲ್ಲಿ ತಿರುಗುವುದಿಲ್ಲ, ಹಾಗಾಗಿ ಹಗ್ಗ ಕಟ್ಟಿ ಬೀದಿಯ ಕಡೆಯಿಂದ ಎಳೆಯುತ್ತಾರೆ. ಅದು ಒಮ್ಮೆ ಓಲಾಡಿ ತಂತಿಗೆ ತಾಗಿದರೆ ಹಿಡಿದವರ ಪ್ರಾಣ ಹೋಗುತ್ತದೆ. ತಂತಿಯಿರುವ ಬದಿಯಿಂದ ಪೈಪು ಎತ್ತಲೇಬಾರದು. ಬೇರೆ ದಾರಿಯಿಲ್ಲದಿದ್ದರೆ ಕೆಳಗೇ ತುಂಡು ಮಾಡಿ ಮೇಲೆ ಬೆಸೆಯಿಸಿ, ಇಲ್ಲವೇ ಬೆಸ್ಕಾಂಗೆ ಅರ್ಜಿ ಕೊಟ್ಟು ಆ ಹೊತ್ತಿಗೆ ವಿದ್ಯುತ್ ಕಡಿತ ಮಾಡಿಸಿ. ಸೂರು ಮುಗಿದ ಮೇಲೆ ಲೋಹದ ಚೌಕಟ್ಟಿಗೆ ಭೂಸಂಪರ್ಕ ಕೊಡಿಸಿ. ಸೂರಿನಡಿ ದೀಪ, ಫ್ಯಾನು ಹಾಕುವವರಿಗೆ ಇದು ತಪ್ಪಿಸಬಾರದ ಕೆಲಸ.

ಬೆಂಕಿಯನ್ನೂ ಮರೆಯಬೇಡಿ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟುಹೋದವು. ಇಕ್ಕಟ್ಟಿನ ಬೀದಿಯ ಮನೆಯಲ್ಲಿ ಕೆಳಗೆ ಬೆಂಕಿ ಹತ್ತಿದರೆ ತಾರಸಿಯೇ ಆಸರೆ. ಸೂರಿನಡಿ ರಟ್ಟು, ಪ್ಲಾಸ್ಟಿಕ್, ಹಳೆ ಹಾಸಿಗೆ ರಾಶಿ ಹಾಕಿ ಆ ಆಸರೆಯನ್ನು ಕಳೆದುಕೊಳ್ಳಬೇಡಿ. ಒಂದು ಬದಿ ಆಕಾಶಕ್ಕೆ ತೆರೆದಿರಲಿ. ಸೌರ ನೀರು ಕಾಯಿಸುವ ಸಾಧನವೂ ಅಲ್ಲೇ ಬಿಸಿಲಿನಲ್ಲಿ ನಿಲ್ಲಲಿ. ಮುಂದೆ ಸೂರಿನ ಮೇಲೆಯೇ ಸೌರಫಲಕ ಕೂರಿಸುವ ಆಸೆಯಿದ್ದರೆ ಚದರ ಮೀಟರಿಗೆ ಇನ್ನೂ 12-15 ಕಿ.ಗ್ರಾಂ. ಭಾರ ಬರುತ್ತದೆ ಎಂದು ಈಗಲೇ ಹೇಳಿ.

ಆರ್ಡರ್ ಕೊಡುವ ಕ್ರಮ

ಮೊದಲು ಅಳತೆ. ತಾರಸಿಯ ಮೂಲೆಗಳು ಎಷ್ಟೋ ಸಲ ಮಟ್ಟಸವಾಗಿರುವುದಿಲ್ಲ. 6 ಮತ್ತು 8 ಮೀಟರ್ ಬದಿಗಳಿದ್ದರೆ ಕರ್ಣ ಸರಿಯಾಗಿ 10 ಮೀಟರ್ ಬರಬೇಕು. ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ಕರ್ಣಗಳೂ ಸಮವಿಲ್ಲದಿದ್ದರೆ ಶೀಟು ಕತ್ತರಿಸುವ ಮೊದಲೇ ತಿಳಿದುಕೊಳ್ಳುವುದು ಒಳಿತು.

ಆಮೇಲೆ ಅನುಮತಿ. ನಾಲ್ಕು ಕಡೆ ಗೋಡೆ ಎಬ್ಬಿಸಿದರೆ ಅದು ನೆರಳಲ್ಲ, ಇನ್ನೊಂದು ಅಂತಸ್ತು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಐದು ನಗರಪಾಲಿಕೆಗಳಿವೆ. ನಿಮ್ಮದು ಯಾವುದೆಂದು ತಿಳಿದು, ನಿಮ್ಮ ಚಿತ್ರವನ್ನು ತೋರಿಸಿ ಕೇಳಿ.

ಮೂರನೆಯದು ದರಪಟ್ಟಿ. ಕನಿಷ್ಠ ಮೂವರಿಂದ ಬರವಣಿಗೆಯಲ್ಲಿ ಪಡೆಯಿರಿ. "ಚದರ ಅಡಿಗೆ ಇಷ್ಟು" ಎಂದಾಗ ಯಾವ ಚದರ ಅಡಿ ಎಂದು ಕೇಳಿ. ನಮ್ಮ ಉದಾಹರಣೆಯಲ್ಲಿ ನೆರಳಾಗುವ ಜಾಗ 517 ಚದರ ಅಡಿ. ಚಾಚು ಸೇರಿದರೆ 611 ಚದರ ಅಡಿ. ಕಡಿಮೆ ದರ ಹೇಳಿದವರು ಹೆಚ್ಚಿನ ಅಳತೆ ಹಿಡಿದರೆ ಕೊನೆಯ ಬಿಲ್ಲು ದೊಡ್ಡದೇ ಆಗುತ್ತದೆ. ದರಪಟ್ಟಿಯಲ್ಲಿ ಇಷ್ಟು ಇರಲೇಬೇಕು:

1. ಶೀಟಿನ ಬಗೆ, ಉಕ್ಕಿನ ದಪ್ಪ, ಲೇಪ, ಬಣ್ಣ, ತಯಾರಕರ ಹೆಸರು.
2. ಕಂಬ, ಅಡ್ಡ ಪೈಪುಗಳ ಅಳತೆ, ದಪ್ಪ, ಅಂತರ, ಅಂದಾಜು ಒಟ್ಟು ತೂಕ.
3. ಬೇಸ್ ಪ್ಲೇಟಿನ ಅಳತೆ. ಬೋಲ್ಟುಗಳ ಸಂಖ್ಯೆ, ವ್ಯಾಸ, ಕಾಂಕ್ರೀಟಿನೊಳಗೆ ಇಳಿಯುವ ಆಳ.
4. ಇಳಿಜಾರು, ದೋಣಿ, ಇಳಿಕೊಳವೆಗಳ ಸಂಖ್ಯೆ ಮತ್ತು ವ್ಯಾಸ.
5. ಬಣ್ಣ, ಜಲನಿರೋಧಕ, ಸಾಗಣೆ, ಎತ್ತುವ ಕೂಲಿ, ತೆರಿಗೆ ಸೇರಿದೆಯೇ ಎಂಬ ವಿವರ.
6. ಕೆಲಸ ಮುಗಿಯುವ ದಿನ ಮತ್ತು ಹಣ ಕೊಡುವ ಕಂತುಗಳು.

ಹಣವನ್ನು ಕಂತಿನಲ್ಲೇ ಕೊಡಿ: ಮುಂಗಡ ಸ್ವಲ್ಪ, ಸಾಮಾನು ಬಂದು ನೀವು ತೂಗಿ ನೋಡಿದ ಮೇಲೆ ಸ್ವಲ್ಪ, ಚೌಕಟ್ಟು ನಿಂತ ಮೇಲೆ ಸ್ವಲ್ಪ. ಕೊನೆಯ ಕಂತು ನೀರಿನ ಪರೀಕ್ಷೆಯ ಬಳಿಕ. ಎತ್ತರದ ಅಂಚಿನಲ್ಲಿ ಕೊಳವೆ ಹಿಡಿದು ಅರ್ಧ ಗಂಟೆ ನೀರು ಬಿಟ್ಟರೆ ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕೆಲಸದವರ ಕಣ್ಣಿಗೂ ಬೀಳುತ್ತದೆ. ಎಂಜಿನಿಯರರಿಗೆ ಕೊಡುವ ಶುಲ್ಕ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಅದನ್ನು ಉಳಿಸಲು ಹೋಗಬೇಡಿ.

ಕೊನೆಯದಾಗಿ, ಕಾಲ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿ ಒಣ ತಿಂಗಳುಗಳು. ಮಾರ್ಚ್ ಕೊನೆಯಿಂದ ಮೇವರೆಗೆ ಗುಡುಗು, ಆಲಿಕಲ್ಲು, ಬಿರುಗಾಳಿ. ಅರ್ಧ ಸ್ಕ್ರೂ ಹಾಕಿ ಬಿಟ್ಟ ಶೀಟಿನಷ್ಟು ಅಪಾಯಕಾರಿ ವಸ್ತು ಆ ದಿನಗಳಲ್ಲಿ ಇನ್ನೊಂದಿಲ್ಲ. ಡಿಸೆಂಬರಿನಲ್ಲಿ ಅಳತೆ, ದರಪಟ್ಟಿ ಮುಗಿಸಿ ಜನವರಿಯಲ್ಲಿ ಕೆಲಸ ಹಿಡಿಸಿದರೆ ಯುಗಾದಿಯ ಹೊತ್ತಿಗೆ ಸೂರು ಸಿದ್ಧವಾಗಿರುತ್ತದೆ. ಕೆಲಸ ಸಂಜೆಗೆ ನಿಂತಾಗ ಬಿಗಿಯದ ಶೀಟು ಒಂದೂ ಮೇಲೆ ಉಳಿಯಬಾರದೆಂದು ಕೆಲಸದವರಿಗೆ ಕಟ್ಟುನಿಟ್ಟಾಗಿ ಹೇಳಿ. ಆಮೇಲೆ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ದೋಣಿಯ ಎಲೆ ತೆಗೆದು, ಕಂಬದ ಬುಡದ ಬೋಲ್ಟು, ಅಂಚಿನ ಸ್ಕ್ರೂಗಳನ್ನು ಒಮ್ಮೆ ತಿರುಗಿಸಿ ನೋಡಿ. ತುಕ್ಕಿನ ಚುಕ್ಕೆ ಕಂಡಲ್ಲಿ ಉಜ್ಜಿ ಬಣ್ಣ ಹಚ್ಚಿ. ಮಾರುಕಟ್ಟೆಯ ವ್ಯಾಪಾರಿ ಮೋಡ ಕಂಡಾಗಲೆಲ್ಲ ಹಗ್ಗ ಬಿಗಿಯಬೇಕು. ನಿಮಗಾದರೆ ವರ್ಷಕ್ಕೊಮ್ಮೆ ಸಾಕು.